ತೂಕ 108 ಕಿಲೋ, ದಾರಿ 115 ಕಿಲೋಮೀಟರ್: ಜನವರಿಯೊಳಗೆ ಸಿದ್ಧನಾಗಬಹುದೇ?

ಪ್ರಶ್ನೆ:

"ನನಗೆ 41 ವರ್ಷ. ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ದಿನಕ್ಕೆ ಒಂಬತ್ತು ತಾಸು ಕುರ್ಚಿಯಲ್ಲೇ ಕಳೆಯುತ್ತದೆ. ಎತ್ತರ 170 ಸೆಂಟಿಮೀಟರ್, ತೂಕ 108 ಕಿಲೋ. ಎರಡು ವರ್ಷಗಳಿಂದ ಬಿಪಿಗೆ ಟೆಲ್ಮಿಸಾರ್ಟಾನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳಿವೆ. ನಮ್ಮ ಗೆಳೆಯರ ಬಳಗದಲ್ಲಿ ಒಬ್ಬನನ್ನು ಕಳೆದ ವರ್ಷ ಕಿಡ್ನಿ ವೈಫಲ್ಯದಿಂದ ಕಳೆದುಕೊಂಡೆವು. ಅವನ ನೆನಪಿನಲ್ಲಿ, ಡಯಾಲಿಸಿಸ್‌ನ ಖರ್ಚು ಹೊರಲಾಗದ ಬಡವರ ನೆರವಿಗೆಂದು, ಜನವರಿ ಕೊನೆಯ ವಾರ ಕಲಬುರಗಿಯಿಂದ ಬೀದರ್‌ವರೆಗೆ ಸುಮಾರು 115 ಕಿಲೋಮೀಟರ್ ಒಂದೇ ದಿನದಲ್ಲಿ ಸೈಕಲ್ ತುಳಿಯಲು ಒಂಬತ್ತು ಜನ ನಿಶ್ಚಯಿಸಿದ್ದೇವೆ. ಕಿಲೋಮೀಟರಿಗೆ ಇಷ್ಟು ಎಂದು ದಾನಿಗಳು ಮಾತು ಕೊಟ್ಟಾಗಿದೆ. ಸೈಕಲ್ ಬಿಟ್ಟು 22 ವರ್ಷಗಳಾಗಿದ್ದವು. ಹತ್ತು ದಿನಗಳ ಹಿಂದೆ ಮಗನ ಗೇರ್ ಸೈಕಲ್ ಹತ್ತಿದೆ. ಐದು ಕಿಲೋಮೀಟರ್ ಆಗುವಷ್ಟರಲ್ಲಿ ಕೂರುವ ಜಾಗದಲ್ಲಿ ನೋವು, ಜೋಮು. ಮೊಣಕಾಲಿನ ಚಿಪ್ಪಿನ ಸುತ್ತ ನೋವು. ಮನೆಯವರು 'ಮೊದಲು ತೂಕ ಇಳಿಸು' ಎನ್ನುತ್ತಾರೆ, ಮಿಲ್ಲಿನವರು 'ಮೊಣಕಾಲು ಸವೆದುಹೋಗುತ್ತದೆ' ಎನ್ನುತ್ತಾರೆ. ನನಗೆ ರಾತ್ರಿ ಬರುವ ಯೋಚನೆಯೇ ಬೇರೆ: ದಾರಿಯಲ್ಲಿ ಎದೆನೋವು ಬಂದರೆ? ಸದ್ಯ ನೋವಿನ ಮಾತ್ರೆ ನುಂಗಿ ಅಭ್ಯಾಸ ಮಾಡುತ್ತಿದ್ದೇನೆ. ಮುಂದುವರಿಸಲೇ, ಬಿಡಲೇ?"

(ಪತ್ರ ಬಂದದ್ದು ಸೆಪ್ಟೆಂಬರ್ ಮೊದಲ ವಾರ.)

ಉತ್ತರ:

ಸೈಕಲ್ ಬಿಡಬೇಡಿ. ಆದರೆ ಆ ನೋವಿನ ಮಾತ್ರೆಯನ್ನು ಇವತ್ತೇ ಬಿಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ತೂಕವಲ್ಲ, ಕೊನೆಗೆ ಸುಮ್ಮನೆ ಸೇರಿಸಿದಂತಿರುವ ಆ ಒಂದು ಸಾಲು. ಔಷಧದ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ನೋವಿನ ಮಾತ್ರೆಗಳಲ್ಲಿ ಬಹುಪಾಲು ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಜಾತಿಯವು. ಇವು ಕಿಡ್ನಿಯೊಳಗೆ ರಕ್ತ ಬರುವ ಸಣ್ಣ ನಾಳವನ್ನು ಬಿಗಿಗೊಳಿಸುತ್ತವೆ. ನಿಮ್ಮ ಟೆಲ್ಮಿಸಾರ್ಟಾನ್ ಕಿಡ್ನಿಯಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಗೊಳಿಸುತ್ತದೆ. ಅದರಷ್ಟಕ್ಕೆ ಅದು ಒಳ್ಳೆಯ ಔಷಧ, ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ಕಾಪಾಡಲೆಂದೇ ಕೊಡುವಂಥದ್ದು. ಆದರೆ ಒಳಬರುವ ಬಾಗಿಲು ಬಿಗಿಯಾಗಿ, ಹೊರಹೋಗುವ ಬಾಗಿಲು ಸಡಿಲವಾಗಿ, ಅದರ ಮೇಲೆ ಬೆವರಿನಿಂದ ಮೈಯ ನೀರೂ ಕಡಿಮೆಯಾದರೆ, ರಕ್ತವನ್ನು ಸೋಸಲು ಬೇಕಾದ ಒತ್ತಡವೇ ಕಿಡ್ನಿಯಲ್ಲಿ ಉಳಿಯುವುದಿಲ್ಲ. ಐದು ಕಿಲೋಮೀಟರಿನ ಅಭ್ಯಾಸದಲ್ಲಿ ಇದು ಗೊತ್ತಾಗದೆ ಹೋಗಬಹುದು. ಏಳೆಂಟು ತಾಸಿನ ಸವಾರಿಯ ದಿನ ಹೀಗೆ ಆಗಗೊಡಬಾರದು. ಕಿಡ್ನಿ ಕಳೆದುಕೊಂಡ ಗೆಳೆಯನ ನೆನಪಿಗಾಗಿ ಹೊರಟವರು ತಮ್ಮ ಕಿಡ್ನಿಯನ್ನೇ ಪಣಕ್ಕಿಡಬಾರದು ಎಂಬುದು ನನ್ನ ಕಳಕಳಿ. ನೋವು ತಡೆಯಲಾಗದಿದ್ದರೆ ನಿಮ್ಮ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಆದರೆ ಈಗ ಬರುತ್ತಿರುವ ನೋವು ಮಾತ್ರೆಯಿಂದ ಮುಚ್ಚುವಂಥದ್ದಲ್ಲ, ಸೀಟಿನ ಎತ್ತರ ಬದಲಿಸಿದರೆ ಹೋಗುವಂಥದ್ದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ನಿಮ್ಮ ಪ್ರಶ್ನೆ. ಕೇಳಿದ್ದು ಹಲವಾದರೂ ಒಳಗಿರುವ ಚಿಂತೆ ಒಂದೇ: ಈ ಮೈಗೆ ಈ ದಾರಿ ಸಲ್ಲುತ್ತದೆಯೇ? ಸಲ್ಲುತ್ತದೆ. ನಿಮ್ಮ ಕೈಯಲ್ಲಿ ಸುಮಾರು 20 ವಾರಗಳಿವೆ, ಅಷ್ಟು ಸಾಕು. ಮೂಳೆ, ಕೀಲು, ಸ್ನಾಯುಗಳ ತೊಂದರೆಯವರನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದಿರುವ ವೈದ್ಯನಾಗಿ ಒಂದು ಮಾತನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ಉಸಿರು ಮತ್ತು ಹೃದಯ ಮೂರ್ನಾಲ್ಕು ವಾರಗಳಲ್ಲಿ ಸುಧಾರಿಸುತ್ತವೆ. ತೊಡೆಯ ಸ್ನಾಯುಗಳಿಗೆ ಆರರಿಂದ ಎಂಟು ವಾರ ಬೇಕು. ಆ ಸ್ನಾಯುಗಳನ್ನು ಮೂಳೆಗೆ ಬಿಗಿಯುವ ರಜ್ಜುಗಳಿಗೆ ರಕ್ತಸಂಚಾರ ಕಡಿಮೆ. ಅವು ಗಟ್ಟಿಯಾಗಲು ಮೂರು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಹೊಸಬರು ಮೊದಲ ವಾರ ಪೆಟ್ಟು ತಿನ್ನುವುದು ಅಪರೂಪ. ಪೆಟ್ಟು ತಿನ್ನುವುದು ಐದನೆಯ, ಆರನೆಯ ವಾರದಲ್ಲಿ, 'ಈಗ ಏದುಸಿರೇ ಇಲ್ಲವಲ್ಲ, ಇನ್ನಷ್ಟು ಹೋಗೋಣ' ಎಂಬ ಹುರುಪು ಬಂದಾಗ. ಉಸಿರು ಒಪ್ಪಿದ್ದನ್ನು ರಜ್ಜು ಒಪ್ಪಿರುವುದಿಲ್ಲ. ನಿಮ್ಮ ತೂಕದವರಲ್ಲಿ ಈ ಅಂತರದ ಬೆಲೆ ಹೆಚ್ಚು.

'ಮೊದಲು ತೂಕ ಇಳಿಸು, ಆಮೇಲೆ ಸೈಕಲ್' ಎಂಬ ಮನೆಯವರ ಮಾತು ಕಾಳಜಿಯದು, ಆದರೆ ಸರಿಯಾದ ಕ್ರಮವಲ್ಲ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟೆಂದು ಅಳೆಯುವ ಅಂಕಿ, ಸುಮಾರು 37. ಭಾರತೀಯರಿಗೆ 25 ದಾಟಿದರೆ ಬೊಜ್ಜು ಎಂದು ಗಣಿಸುವುದರಿಂದ ಇದು ಕಡೆಗಣಿಸುವ ಅಂಕಿಯಲ್ಲ. ಆದರೂ ತೂಕ ಇಳಿಯುವವರೆಗೆ ಕಾಯುತ್ತ ಕುಳಿತರೆ, ಇರುವ 20 ವಾರಗಳಲ್ಲಿ ರಜ್ಜು ಗಟ್ಟಿಮಾಡಿಕೊಳ್ಳುವ ಕಾಲವನ್ನೇ ಕಳೆದುಕೊಳ್ಳುತ್ತೀರಿ. ತೂಕ ಸೈಕಲ್ಲಿಗೆ ಎಲ್ಲಿ ಭಾರ, ಎಲ್ಲಿ ಭಾರವಲ್ಲ ಎಂಬುದನ್ನೂ ತಿಳಿದಿರಬೇಕು. ಸಮತಟ್ಟಾದ ರಸ್ತೆಯಲ್ಲಿ ತಾಸಿಗೆ 15 ಕಿಲೋಮೀಟರ್ ವೇಗದಲ್ಲಿ ಹೋಗಲು, ನನ್ನ ಅಂದಾಜು ಲೆಕ್ಕದಲ್ಲಿ, ನಿಮಗೆ ಸುಮಾರು 65 ವ್ಯಾಟ್ ಶಕ್ತಿ ಬೇಕು. 70 ಕಿಲೋ ತೂಕದ ನಿಮ್ಮ ಗೆಳೆಯನಿಗೆ ಸುಮಾರು 50. ಅಂತರ ದೊಡ್ಡದಲ್ಲ, ಏಕೆಂದರೆ ಅಲ್ಲಿ ಎದುರಾಗುವುದು ಗಾಳಿ ಮತ್ತು ಟಯರಿನ ಘರ್ಷಣೆ ಮಾತ್ರ. ಅದೇ ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ದಿಣ್ಣೆಯಲ್ಲಿ, ತಾಸಿಗೆ ಬರೀ ಎಂಟು ಕಿಲೋಮೀಟರ್ ವೇಗದಲ್ಲಿ ಹತ್ತಿದರೂ, ಗೆಳೆಯನಿಗೆ ಸುಮಾರು 90 ವ್ಯಾಟ್, ನಿಮಗೆ ಸುಮಾರು 130. ಅಂದರೆ ಬಯಲಿನಲ್ಲಿ ನೀವು ಅವರೊಡನೆ ಹೆಚ್ಚುಕಡಿಮೆ ಸಮನಾಗಿ ಸಾಗಬಲ್ಲಿರಿ. ಏರಿನಲ್ಲಿ ಹಿಂದೆ ಬೀಳುತ್ತೀರಿ, ಬೀಳಲೇಬೇಕು. ಏರಿನಲ್ಲಿ ಅವರ ಜತೆಗೇ ಹೋಗಬೇಕೆಂಬ ಹಟವೇ ಮೊಣಕಾಲಿಗೂ ಹೃದಯಕ್ಕೂ ಅಪಾಯ.

ತೂಕ ಇಳಿಯುವ ಬಗೆಗೂ ನಿರೀಕ್ಷೆ ಸರಿಯಾಗಿರಲಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇರುತ್ತದೆ. ಹದವಾದ ವೇಗದ ಒಂದು ತಾಸಿನ ಸವಾರಿಯಲ್ಲಿ ನಿಮ್ಮ ಮೈ ಸುಮಾರು 500 ಕಿಲೋಕ್ಯಾಲೊರಿ ಖರ್ಚು ಮಾಡುತ್ತದೆ. ಹಾಗಾದರೆ ಒಂದು ಕಿಲೋ ಇಳಿಯಲು ಸುಮಾರು 15 ತಾಸಿನ ಸವಾರಿ ಬೇಕು, ಅದೂ ಮನೆಗೆ ಬಂದು ಒಂದು ತಟ್ಟೆ ಮಿರ್ಚಿ ಭಜಿ ತಿನ್ನದಿದ್ದರೆ. ಜನವರಿಯ ಹೊತ್ತಿಗೆ ಊಟದ ಹಿಡಿತವೂ ಸೇರಿ ಐದರಿಂದ ಎಂಟು ಕಿಲೋ ಇಳಿದರೆ ಅದು ಒಳ್ಳೆಯ ಫಲ. ಅದಕ್ಕಿಂತ ಬೇಗ ಇಳಿಸಲು ಉಪವಾಸ ಬೀಳುವುದು, ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಬೆವರು ಹರಿಸುವುದು ಬೇಡ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು, ಕೊಬ್ಬಲ್ಲ. ದಪ್ಪ ಮೈ ಶಾಖವನ್ನು ಹೊರಹಾಕುವುದೂ ನಿಧಾನ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಉಷ್ಣಾಘಾತವನ್ನು ಕರೆದು ತಂದಂತೆ.

ಇನ್ನು ಮೊಣಕಾಲು. ನಡೆಯುವಾಗ ಮೊಣಕಾಲಿನ ಕೀಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ಮೆಟ್ಟಿಲು ಹತ್ತಿ ಇಳಿಯುವಾಗ ಇನ್ನೂ ಹೆಚ್ಚು. ಸೀಟಿನ ಮೇಲೆ ಕುಳಿತು ಹಗುರವಾಗಿ ತುಳಿಯುವಾಗ ಆ ಒತ್ತಡ ದೇಹತೂಕದ ಸುಮಾರು ಒಂದು ಪಟ್ಟಿನ ಆಸುಪಾಸಿನಲ್ಲಿರುತ್ತದೆ, ಏಕೆಂದರೆ ತೂಕವನ್ನು ಹೊರುವುದು ಕಾಲಲ್ಲ, ಸೀಟು. ಮೊಣಕಾಲು ಸವೆತದವರಿಗೂ ನಾವು ಸೈಕಲ್ ಹೇಳುವುದು ಇದೇ ಕಾರಣಕ್ಕೆ. ನಿಮ್ಮ ಮಿಲ್ಲಿನವರ ಮಾತು ಒಂದು ಸಂದರ್ಭದಲ್ಲಿ ಮಾತ್ರ ನಿಜವಾಗುತ್ತದೆ: ಸೀಟು ತಗ್ಗಾಗಿದ್ದು, ಗೇರು ಬಿಗಿಯಾಗಿದ್ದಾಗ. ನೀವು ಹತ್ತಿರುವುದು ಮಗನ ಸೈಕಲ್. ಅದರ ಸೀಟು ಅವನ ಎತ್ತರಕ್ಕಿದೆ, ನೀವು ಅದನ್ನು ಬದಲಿಸಿರಲಾರಿರಿ. ಸೀಟು ತಗ್ಗಾದರೆ ಪ್ರತಿ ಸುತ್ತಿನಲ್ಲೂ ಮೊಣಕಾಲು ಅತಿಯಾಗಿ ಮಡಚಿಕೊಂಡು, ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಚಿಪ್ಪಿನ ಸುತ್ತ ಬರುವ ನೋವು ಬಹುಮಟ್ಟಿಗೆ ಇದರದ್ದೇ. ಮೊಣಕಾಲಿನ ಹಿಂಭಾಗದಲ್ಲಿ ಎಳೆತವಿದ್ದಿದ್ದರೆ ಸೀಟು ಅತಿ ಎತ್ತರವಾಗಿದೆ ಎನ್ನುತ್ತಿದ್ದೆ.

ಗೋಡೆಗೆ ಒರಗಿಕೊಂಡು ಸೀಟಿನ ಮೇಲೆ ಕೂಡಿ. ಒಂದು ಪೆಡಲನ್ನು ಅತ್ಯಂತ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ಪೂರ್ತಿ ನೇರವಾಗುವವರೆಗೆ ಸೀಟನ್ನು ಎತ್ತರಿಸುತ್ತ ಬನ್ನಿ. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲಿನಲ್ಲಿ 25ರಿಂದ 35 ಡಿಗ್ರಿಯಷ್ಟು ಬಾಗು ತಾನಾಗಿ ಉಳಿಯುತ್ತದೆ. ಈ ಎತ್ತರದಲ್ಲಿ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗುವುದಿಲ್ಲ, ಆ ಭಯಕ್ಕೇ ಹೊಸಬರು ಸೀಟನ್ನು ತಗ್ಗಿಸಿಕೊಳ್ಳುತ್ತಾರೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು ಖಾಲಿ ಮೈದಾನದಲ್ಲಿ ಹತ್ತು ಸಲ ಮಾಡಿ ನೋಡಿ, ಭಯ ಬಿಡುತ್ತದೆ. ಇನ್ನೊಂದು ಕೆಲಸ ಗೇರಿನದು. ನಿಮಿಷಕ್ಕೆ 70ರಿಂದ 80 ಸುತ್ತು ಹಗುರವಾಗಿ ತಿರುಗುವಂಥ ಗೇರಿನಲ್ಲೇ ಇರಿ. ಹೊಸಬರು ಬಿಗಿ ಗೇರು ಹಾಕಿ ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹೇರುತ್ತಾರೆ; ಕಡಿಮೆ ಸುತ್ತಿನಲ್ಲಿ ಹೆಚ್ಚು ದೂರ ಎಂಬ ಆ ಲೆಕ್ಕದ ಬಾಕಿಯನ್ನು ತೀರಿಸುವುದು ಮೊಣಕಾಲು.

ಕೂರುವ ಜಾಗದ ನೋವು ಬೇರೆ, ಜೋಮು ಬೇರೆ. ನೋವು ಮೊದಲ ಎರಡು ಮೂರು ವಾರ ಎಲ್ಲರಿಗೂ ಬರುತ್ತದೆ, ಚರ್ಮ ಮತ್ತು ಮಾಂಸ ಒಗ್ಗಿಕೊಂಡಂತೆ ಹೋಗುತ್ತದೆ. ಜೋಮನ್ನು ಸಹಿಸಿಕೊಳ್ಳಬಾರದು. ಸೀಟಿನ ಮೂತಿ ತೊಡೆಸಂದಿಯ ನರವನ್ನೂ ರಕ್ತನಾಳವನ್ನೂ ಒತ್ತುತ್ತಿದೆ ಎಂಬುದರ ಸೂಚನೆ ಅದು. ಇದರಿಂದ ಪುರುಷತ್ವಕ್ಕೆ ಕುಂದು ಬರುತ್ತದೆಯೇ ಎಂದು ಅನೇಕರು ಬಾಗಿಲು ಹಾಕಿಕೊಂಡು ಕೇಳುತ್ತಾರೆ. ವಾರಕ್ಕೆ ಕೆಲವು ತಾಸು, ಸರಿಯಾದ ಸೀಟಿನ ಮೇಲೆ ಕುಳಿತು ತುಳಿಯುವವರಿಗೆ ಆ ಭಯ ಬೇಡ. ಜೋಮನ್ನು ತಿಂಗಳುಗಟ್ಟಲೆ ಕಡೆಗಣಿಸಿದವರು ಮಾತ್ರ ಚಿಂತಿಸಬೇಕು. ಸೀಟು ನಿಮ್ಮ ಕುಂಡೆಮೂಳೆಗಳ ಅಗಲಕ್ಕೆ ಹೊಂದಬೇಕು, ನಡುವೆ ತಗ್ಗು ಇದ್ದರೆ ಒಳ್ಳೆಯದು, ಮೂತಿ ಮೇಲಕ್ಕೆ ಚಾಚಿರಬಾರದು. ಮೆತ್ತಗಿನ ಜೆಲ್ ಕವರ್ ಹಾಕಿದರೆ ಸುಖ ಎಂಬುದು ತಪ್ಪು ತಿಳಿವಳಿಕೆ. ಭಾರದ ಮೈ ಅದರಲ್ಲಿ ಹೂತುಕೊಂಡು ಒತ್ತಡವೆಲ್ಲ ಮೂಳೆಯಿಂದ ಮೆತ್ತನೆಯ ಜಾಗಕ್ಕೆ ಸರಿದು, ಜೋಮು ಹೆಚ್ಚುತ್ತದೆ. ಹಣ ಹಾಕುವುದಿದ್ದರೆ ಪ್ಯಾಡ್ ಇರುವ ಸೈಕಲ್ ಚಡ್ಡಿಗೆ ಹಾಕಿ, ಒಳ ಉಡುಪಿಲ್ಲದೆ ತೊಡಿ, ತೊಡೆ ಉಜ್ಜುವ ಕಡೆ ವ್ಯಾಸಲೀನ್ ಹಚ್ಚಿ, ಮನೆಗೆ ಬಂದ ಕೂಡಲೇ ತೊಳೆದು ಒಣಗಿಸಿ. ಸಕ್ಕರೆ ಕಾಯಿಲೆಯವರಲ್ಲಿ ಒಂದು ಸಣ್ಣ ಉಜ್ಜುಗಾಯವೂ ಕೀವಾಗಲು ತಡವಿಲ್ಲ. ಪಾದಗಳನ್ನೂ ದಿನಾ ನೋಡಿಕೊಳ್ಳಿ.

ನಿಮ್ಮ ರಾತ್ರಿಯ ಯೋಚನೆಗೆ ಬರುತ್ತೇನೆ. ಅದು ಅನಗತ್ಯ ಭಯವಲ್ಲ. ಸಕ್ಕರೆ, ಬಿಪಿ, ಬೊಜ್ಜು ಮೂರೂ ಇರುವ, ವರ್ಷಗಟ್ಟಲೆ ವ್ಯಾಯಾಮವಿಲ್ಲದವರು ಯಾವ ಲಕ್ಷಣವೂ ಇಲ್ಲದಿದ್ದರೂ ದೀರ್ಘ ತರಬೇತಿಗೆ ಮುನ್ನ ವೈದ್ಯರ ಒಪ್ಪಿಗೆ ಪಡೆಯಬೇಕು. ಈ ವಾರವೇ ಬಿಪಿ, ಇಸಿಜಿ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್, ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಕೊನೆಯ ಎರಡನ್ನು ಒತ್ತಿ ಹೇಳುತ್ತೇನೆ: ಕಿಡ್ನಿ ಹಾಳಾಗಲು ಅತಿ ಮುಖ್ಯ ಕಾರಣಗಳು ಸಕ್ಕರೆ ಮತ್ತು ಬಿಪಿ, ಎರಡೂ ನಿಮ್ಮಲ್ಲಿವೆ, ಮತ್ತು ಕಿಡ್ನಿ ಬಹಳ ಹಾಳಾಗುವವರೆಗೆ ನೋವಾಗಲಿ ಬಾವಾಗಲಿ ತೋರಿಸುವುದಿಲ್ಲ. ಕಣ್ಣಿನ ಅಕ್ಷಿಪಟಲದ ಪರೀಕ್ಷೆಯೂ ಆಗಲಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ನಿಮ್ಮ ವೈದ್ಯರು ಇವನ್ನೆಲ್ಲ ನೋಡಿ ನಿರ್ಧರಿಸುತ್ತಾರೆ. ನಿಮ್ಮ ಸ್ಥಿತಿಯಲ್ಲಿ ನಾನಾದರೆ ಮಾಡಿಸುತ್ತಿದ್ದೆ. ಅದು ಸರಿಯಾಗಿ ಬಂದರೂ ಭರವಸೆಪತ್ರವಲ್ಲ. ತುಳಿಯುವಾಗ ಎದೆಯಲ್ಲಿ ಬಿಗಿತ, ಎಡದೋಳಿಗೋ ದವಡೆಗೋ ಹರಿಯುವ ನೋವು, ಕೆಲಸಕ್ಕೆ ಮೀರಿದ ಏದುಸಿರು, ಕಣ್ಣು ಕತ್ತಲೆ, ತಣ್ಣನೆಯ ಬೆವರು, ಇವುಗಳಲ್ಲಿ ಯಾವುದು ಬಂದರೂ ನಿಲ್ಲಿಸಿ, ಒಬ್ಬರೇ ಮನೆಗೆ ತುಳಿದುಕೊಂಡು ಬರಬೇಡಿ, 108ಕ್ಕೆ ಕರೆ ಮಾಡಿ. 'ಗ್ಯಾಸ್ ಇರಬಹುದು' ಎಂದು ಸೋಡಾ ಕುಡಿದು ತಾಸುಗಟ್ಟಲೆ ಕಳೆದು ಬಂದವರನ್ನು ನಾನು ಬಹಳ ನೋಡಿದ್ದೇನೆ. ಜೋರಾದ ಗೊರಕೆ, ಹಗಲು ತೂಕಡಿಕೆ ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ನಿಮ್ಮ ಮೂರು ಮಾತ್ರೆಗಳಲ್ಲಿ ಸವಾರಿಯ ದಿನ ತೊಂದರೆ ಕೊಡಬಲ್ಲದ್ದು ಗ್ಲಿಮೆಪಿರೈಡ್. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಅದು ಊಟವಿರಲಿ ಇಲ್ಲದಿರಲಿ ಇನ್ಸುಲಿನ್ ಹರಿಸುತ್ತಲೇ ಇರುತ್ತದೆ, ಅತ್ತ ಸ್ನಾಯುಗಳೂ ಸಕ್ಕರೆಯನ್ನು ಹೀರುತ್ತಿರುತ್ತವೆ. ದೂರದ ಸವಾರಿಯ ದಿನ ಅದರ ಪ್ರಮಾಣ ತಗ್ಗಿಸಬೇಕೇ ಎಂದು ಈಗಲೇ ಕೇಳಿಕೊಳ್ಳಿ, ನೀವಾಗಿ ನಿಲ್ಲಿಸಬೇಡಿ. ಗ್ಲೂಕೋಮೀಟರ್ ಜೊತೆಗಿರಲಿ: ಹೊರಡುವ ಮುನ್ನ, ದಾರಿಯಲ್ಲಿ ತಾಸು ಒಂದೂವರೆ ತಾಸಿಗೊಮ್ಮೆ, ಮತ್ತು ರಾತ್ರಿ ಮಲಗುವ ಮುನ್ನ ನೋಡಿ. ದೀರ್ಘ ಸವಾರಿಯ ಸಕ್ಕರೆ ಇಳಿತ ಕೆಲವೊಮ್ಮೆ ನಡುರಾತ್ರಿ ಬರುತ್ತದೆ. ಕೈ ನಡುಕ, ಬೆವರು, ತಲೆ ಮಂಕಾದರೆ, ಅಥವಾ ಅಂಕಿ 70ಕ್ಕಿಂತ ಕೆಳಗಿದ್ದರೆ, 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಕುಳಿತು, ಮತ್ತೆ ಪರೀಕ್ಷಿಸಿ. ಇದು ನಿಮ್ಮ ಜೊತೆ ತುಳಿಯುವ ಎಂಟು ಜನರಿಗೂ ಗೊತ್ತಿರಬೇಕು, ಏಕೆಂದರೆ ಸಕ್ಕರೆ ಇಳಿದವನಿಗೆ ತನಗೆ ಏನಾಗುತ್ತಿದೆ ಎಂಬುದೇ ತಿಳಿಯದಿರಬಹುದು.

ತರಬೇತಿಯನ್ನು ಕಿಲೋಮೀಟರಿನಿಂದಲ್ಲ, ನಿಮಿಷದಿಂದ ಆರಂಭಿಸಿ. ಮೊದಲ ಎರಡು ವಾರ, ದಿನ ಬಿಟ್ಟು ದಿನ, 20ರಿಂದ 25 ನಿಮಿಷ. ವೇಗಕ್ಕೆ ಅಳತೆ ಮಾತು: ತುಳಿಯುತ್ತಲೇ ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತು. ಮೂರನೆಯ ವಾರದಿಂದ ವಾರಕ್ಕೆ ನಾಲ್ಕು ದಿನ, ಅದರಲ್ಲಿ ಭಾನುವಾರ ಒಂದು ಉದ್ದದ ಸವಾರಿ. ಅದು ನಾಲ್ಕನೆಯ ವಾರ 15 ಕಿಲೋಮೀಟರ್ ಇರಲಿ, ಎಂಟನೆಯ ವಾರ 35, ಹನ್ನೆರಡನೆಯ ವಾರ 55. ಪ್ರತಿ ನಾಲ್ಕನೆಯ ವಾರದ ಬಳಿಕ ಒಂದು ವಾರ ಎಲ್ಲವನ್ನೂ ಮೂರನೆಯ ಒಂದು ಭಾಗದಷ್ಟು ಇಳಿಸಿ. ಈ ಇಳಿಸುವ ವಾರವನ್ನು ಜನ ಸೋಮಾರಿತನವೆಂದು ಬಿಟ್ಟುಬಿಡುತ್ತಾರೆ, ರಜ್ಜುಗಳು ಕಟ್ಟಿಕೊಳ್ಳುವುದು ಆ ವಾರದಲ್ಲೇ. ಹದಿನೇಳು, ಹದಿನೆಂಟನೆಯ ವಾರದ ಹೊತ್ತಿಗೆ 85ರಿಂದ 90 ಮುಟ್ಟಿದರೆ ಸಾಕು. 115ನ್ನು ಮೊದಲೇ ಒಮ್ಮೆ ಪೂರ್ತಿ ತುಳಿದು ನೋಡಬೇಕೆಂಬುದು ಬೇಡದ ಹಟ. ಕೊನೆಯ ಎರಡು ವಾರ ಅರ್ಧಕ್ಕೆ ಇಳಿಸಿ ಮೈಯನ್ನು ತಣಿಸಬೇಕು. ಇದರೊಂದಿಗೆ ವಾರಕ್ಕೆರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಅಂಗಾತ ಮಲಗಿ ಸೊಂಟ ಎತ್ತಿ ಹಿಡಿಯುವುದು, ತಲಾ ಹತ್ತರಂತೆ ಮೂರು ಸುತ್ತು. ಜಿಮ್ ಬೇಕಾಗಿಲ್ಲ.

ಆರನೆಯ ವಾರದ ಬಗ್ಗೆ ಒಂದು ಉದಾಹರಣೆ. ಆಳಂದ ಕಡೆಯ ಶಿಕ್ಷಕರೊಬ್ಬರು, ನಿಮಗಿಂತ ಸ್ವಲ್ಪ ಕಡಿಮೆ ತೂಕ, ಹೀಗೆಯೇ ಆರಂಭಿಸಿದ್ದರು. ಐದು ವಾರ ಅಚ್ಚುಕಟ್ಟಾಗಿ ನಡೆಯಿತು, 25 ಕಿಲೋಮೀಟರ್ ಸಲೀಸಾಗಿತ್ತು. ಆರನೆಯ ವಾರ ಗೆಳೆಯರ ಜೊತೆ ಹೊರಟವರು ಹುರುಪಿನಲ್ಲಿ 60 ತುಳಿದರು. ಏದುಸಿರು ಬರಲಿಲ್ಲ, ಆ ರಾತ್ರಿ ಸಂತೋಷದಿಂದ ಮಲಗಿದರು. ಎರಡು ದಿನ ಬಿಟ್ಟು ಚಿಪ್ಪಿನ ಕೆಳಗಿನ ರಜ್ಜು ಬಾತು, ಮೆಟ್ಟಿಲು ಇಳಿಯಲಾಗದೆ ನನ್ನಲ್ಲಿಗೆ ಬಂದರು. ವಾಸಿಯಾಗಲು ಹತ್ತು ವಾರ ಹಿಡಿಯಿತು. ಅವರಿಗೆ ಆ ದಿನ 30ಕ್ಕೆ ನಿಲ್ಲಿ ಎಂದು ಹೇಳುವವರು ಪಕ್ಕದಲ್ಲಿರಲಿಲ್ಲ. ನಿಮಗೆ ಈಗಲೇ ಹೇಳುತ್ತಿದ್ದೇನೆ. ಮರುದಿನ ಬೆಳಿಗ್ಗೆ ಎದ್ದಾಗಲೂ ಉಳಿದಿರುವ ಕೀಲುನೋವು 'ಈ ವಾರ ಹೆಚ್ಚಿಸಬೇಡ' ಎಂಬ ಸೂಚನೆ. ಬಾವು ಬಂದರೆ ಅಥವಾ ಕುಂಟುವಂತಾದರೆ ತೋರಿಸಲೇಬೇಕು.

ಸೈಕಲ್ ವಿಚಾರ ಚಿಕ್ಕದು, ಆದರೆ ಭಾರದ ಸವಾರರಿಗೆ ಅಲಕ್ಷಿಸುವಂಥದ್ದಲ್ಲ. ಮಗನ ಸೈಕಲ್ ಎಷ್ಟು ಕಿಲೋ ಹೊರಲು ತಯಾರಾದದ್ದು ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ. ಹಲವು ಸೈಕಲ್‌ಗಳ ಮಿತಿ 100ರಿಂದ 120 ಕಿಲೋ, ಅದರಲ್ಲಿ ಚೀಲದ ಭಾರವೂ ಸೇರುತ್ತದೆ. ಮೊದಲು ಕೈಕೊಡುವುದು ಹಿಂಗಾಲಿಯ ಕಡ್ಡಿಗಳು. 32 ಅಥವಾ 36 ಕಡ್ಡಿಯ ಗಾಲಿ, 35ರಿಂದ 40 ಮಿಲಿಮೀಟರ್ ಅಗಲದ ಟಯರು, ಡಿಸ್ಕ್ ಬ್ರೇಕ್, ಹಿಂದೆ ದೊಡ್ಡ ಹಲ್ಲುಚಕ್ರವಿರುವ ಗೇರು, ಇಷ್ಟಿದ್ದರೆ ಸಾಕು. ಸ್ಪ್ರಿಂಗ್ ಸಸ್ಪೆನ್ಷನ್ ಬೇಡ, ಪ್ರತಿ ತುಳಿತದಲ್ಲೂ ಅದು ಶಕ್ತಿ ಕುಡಿಯುತ್ತದೆ. ಟಯರಿನ ಗಾಳಿಯನ್ನು ವಾರಕ್ಕೊಮ್ಮೆಯಲ್ಲ, ಪ್ರತಿ ಸವಾರಿಗೂ ನೋಡಬೇಕು, ಏಕೆಂದರೆ ಗಾಳಿ ಕಡಿಮೆಯಾದ ಟಯರು ಭಾರಕ್ಕೆ ಬೇಗ ಪಂಕ್ಚರ್ ಆಗುತ್ತದೆ. ನಿಮ್ಮ ಮನೆಯಲ್ಲಿ ಹಳೆಯ ಕರಿ ಸೈಕಲ್ ಇದ್ದರೆ ಅದರ ಗಾಲಿ ಗಟ್ಟಿ, ಬಯಲಿನ ಅಭ್ಯಾಸಕ್ಕೆ ಅಡ್ಡಿಯಿಲ್ಲ; ಏರಿಗೆ ಬೇಡ, ಅದಕ್ಕಿರುವುದು ಒಂದೇ ಗೇರು.

ಅಭ್ಯಾಸದ ಹೊತ್ತಿಗೂ ನಮ್ಮ ಸೀಮೆಯ ಹವೆಗೂ ಹೊಂದಿಕೆ ಬೇಕು. ಸೆಪ್ಟೆಂಬರ್ ಇಲ್ಲಿ ಮಳೆಯ ತಿಂಗಳು. ಎರೆಮಣ್ಣು ಮೆತ್ತಿದ ರಸ್ತೆಯಂಚು ಜಾರುತ್ತದೆ, ಡಾಂಬರಿನ ಮೇಲೆಯೇ ಇರಿ, ಜೋರು ಮಳೆಯಿದ್ದರೆ ಮನೆಯಲ್ಲೇ ಕುರ್ಚಿಯ ವ್ಯಾಯಾಮ ಮಾಡಿ. ತಾಸಿಗೆ ಅರ್ಧ ಲೀಟರಿನ ಆಸುಪಾಸು ನೀರು, ಗುಟುಕು ಗುಟುಕಾಗಿ. ಹೊರಡುವ ಮುನ್ನ ಮತ್ತು ಬಂದ ಮೇಲೆ ತೂಕ ನೋಡಿ: ಎರಡು ಕಿಲೋಗಿಂತ ಹೆಚ್ಚು ಇಳಿದಿದ್ದರೆ ನೀರು ಸಾಲದು, ಏರಿದ್ದರೆ ಅತಿಯಾಯಿತು. ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಅಪಾಯವಾಗುತ್ತದೆ. ಎರಡು ತಾಸು ಮೀರಿದ ಸವಾರಿಯಲ್ಲಿ ಉಪ್ಪು ಹಾಕಿದ ತಿಳಿಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಆಹಾರ ತಾಸಿಗೆ 30ರಿಂದ 40 ಗ್ರಾಂ ಪಿಷ್ಟದಷ್ಟು: ಒಂದು ಬಾಳೆಹಣ್ಣು, ಅದರ ಮೇಲೆ ಒಂದೆರಡು ಖರ್ಜೂರ. ನಿಮ್ಮ ದಾರಿಯಲ್ಲೇ ಕಮಲಾಪುರವಿದೆ, ಅಲ್ಲಿಯ ಕೆಂಬಾಳೆಗೆ ಹೆಸರಿದೆ, ಅದೂ ಆದೀತು. ಹೊರಡುವ ಎರಡು ತಾಸು ಮೊದಲು ಒಂದೂವರೆ ಜೋಳದ ರೊಟ್ಟಿ, ಸ್ವಲ್ಪ ತೊಗರಿಬೇಳೆ ಪಲ್ಯ ಸಾಕು. ಶೇಂಗಾ ಹಿಂಡಿ, ಎಣ್ಣೆಗಾಯಿ ರಾತ್ರಿಯ ಊಟಕ್ಕಿರಲಿ. ಜಿಡ್ಡು ಹೊಟ್ಟೆಯಲ್ಲಿ ತಾಸುಗಟ್ಟಲೆ ಕೂರುತ್ತದೆ. ಸವಾರಿಯ ದಿನ ಏನು ತಿನ್ನುತ್ತೀರೋ ಅದನ್ನೇ ಭಾನುವಾರದ ಅಭ್ಯಾಸದಲ್ಲಿ ತಿಂದು ಸಕ್ಕರೆಯ ಅಂಕಿ ಬರೆದಿಟ್ಟುಕೊಳ್ಳಿ. ಆ ಪುಸ್ತಕ ನಿಮ್ಮ ವೈದ್ಯರಿಗೆ ಯಾವ ತರಬೇತಿ ಪಟ್ಟಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊನೆಗೆ ದಾರಿ. ಇಲ್ಲಿ ನಿಮ್ಮ ಬಳಗದ ಯೋಜನೆಯ ಬಗ್ಗೆಯೇ ನನ್ನ ಆಕ್ಷೇಪವಿದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ ಸುಮಾರು 660 ಮೀಟರ್. ಅಂದರೆ ನೀವು ಎರೆಭೂಮಿಯಿಂದ ಕೆಮ್ಮಣ್ಣಿನ ಪ್ರಸ್ಥಭೂಮಿಗೆ 200 ಮೀಟರಿಗೂ ಹೆಚ್ಚು ಏರುತ್ತೀರಿ, ನಡುವಿನ ಇಳಿದು ಹತ್ತುವ ದಿಣ್ಣೆಗಳು ಬೇರೆ. ಕಮಲಾಪುರ ದಾಟಿದ ಮೇಲಿನ ನೆಲ ಎಂಥದೆಂದರೆ, 2017ರಲ್ಲಿ ಓಡಾಟ ಆರಂಭವಾದ ಬೀದರ್–ಕಲಬುರಗಿ ರೈಲುದಾರಿಗೆ ಮರಗುತ್ತಿಯ ಬಳಿ ಸುರಂಗವನ್ನೇ ಕೊರೆಯಬೇಕಾಯಿತು. ಇದರ ಜೊತೆಗೆ, ಜನವರಿಯಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಣ, ಈಶಾನ್ಯದಿಂದ ಬೀಸುತ್ತದೆ. ಬೀದರ್ ಇರುವುದೂ ನಿಮಗೆ ಈಶಾನ್ಯಕ್ಕೆ. ಏರು, ಎದುರುಗಾಳಿ, ಎರಡನ್ನೂ ನೀವೇ ಆರಿಸಿಕೊಂಡಂತಾಗಿದೆ. ಸೈಕಲ್‌ಗಳನ್ನು ಹಿಂದಿನ ದಿನವೇ ಬೀದರ್‌ಗೆ ವಾಹನದಲ್ಲಿ ಸಾಗಿಸಿ, ಬೀದರ್‌ನಿಂದ ಹುಮನಾಬಾದ್ ಮಾರ್ಗವಾಗಿ ಕಲಬುರಗಿಗೆ ತುಳಿದರೆ ಅದೇ 115 ಕಿಲೋಮೀಟರ್, ಅದೇ ದಾನ. ಒಟ್ಟಾರೆ ಇಳುಕಲು, ಬಹುಶಃ ಬೆನ್ನಿಗೆ ಗಾಳಿ, ಮತ್ತು ಸಂಜೆ ಮುಗಿಯುವುದು ನಿಮ್ಮ ಮನೆಯ ಬಾಗಿಲಲ್ಲಿ. ಇದರ ತೊಡಕು ಎಂದರೆ ಬೀದರ್‌ನ ಚಳಿ. ಜನವರಿಯ ಬೆಳಗು ಅಲ್ಲಿ ಮೈ ಕೊರೆಯುತ್ತದೆ, ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಬಿಪಿ ಏರುತ್ತದೆ. ಮೊದಲ ಅರ್ಧ ತಾಸು ಬಹಳ ನಿಧಾನವಾಗಿ ತುಳಿಯಬೇಕು. ಇಳುಕಲಿನಲ್ಲಿ ಭಾರದ ಮೈ ಬೇಗ ವೇಗ ಪಡೆಯುವುದರಿಂದ ಬ್ರೇಕನ್ನು ಮೊದಲಿನಿಂದಲೇ ಬಿಟ್ಟು ಹಿಡಿಯುತ್ತ ಬರುವುದನ್ನೂ ರೂಢಿಸಿಕೊಂಡಿರಬೇಕು.

ಒಂದೇ ದಿನವೋ, ಎರಡು ದಿನವೋ ಎಂಬುದು ಇನ್ನೊಂದು. ತಾಸಿಗೆ 15 ಕಿಲೋಮೀಟರಿನಂತೆ 115ಕ್ಕೆ ಏಳೂಮುಕ್ಕಾಲು ತಾಸಿನ ತುಳಿತ, ವಿರಾಮಗಳು ಸೇರಿ ಹತ್ತು ತಾಸು. ಜನವರಿಯಲ್ಲಿ ಬೆಳಕು ಹರಿಯುವುದೇ ಆರೂಮುಕ್ಕಾಲಕ್ಕೆ, ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಒಂದು ಪಂಕ್ಚರ್, ಒಂದು ಸಕ್ಕರೆ ಇಳಿತ ಬಂದರೂ ಕತ್ತಲಲ್ಲಿ ಹೆದ್ದಾರಿಯ ಮೇಲಿರುತ್ತೀರಿ. ಅದು ಕಬ್ಬು ಕಟಾವಿನ ಕಾಲ, ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು ರಸ್ತೆಯಲ್ಲಿರುತ್ತವೆ. ಕತ್ತಲಾದ ಮೇಲೆ ತುಳಿಯುವುದು ಬೇಡವೇ ಬೇಡ. ಹುಮನಾಬಾದ್‌ನಲ್ಲಿ ರಾತ್ರಿ ತಂಗಿ ಎರಡು ದಿನ ಮಾಡಿದರೆ ದಿನಕ್ಕೆ 50ರಿಂದ 65 ಕಿಲೋಮೀಟರ್. ಮೊಣಕಾಲು, ಸಕ್ಕರೆ, ಸುರಕ್ಷತೆ ಮೂರಕ್ಕೂ ಇದು ಉತ್ತಮ. ಕಷ್ಟ ಇಷ್ಟೇ, ಎರಡನೆಯ ಬೆಳಗು ನೋಯುವ ಜಾಗದ ಮೇಲೆ ಮತ್ತೆ ಕೂರಬೇಕು. ಅದಕ್ಕಾಗಿ ಡಿಸೆಂಬರ್‌ನಲ್ಲಿ ಒಂದೆರಡು ಸಲ ಶನಿವಾರ, ಭಾನುವಾರ ಎರಡೂ ದಿನ ತುಳಿದು ನೋಡಿ. ಯಾವುದೇ ಯೋಜನೆಯಾದರೂ ಹಿಂದೆ ಒಂದು ವಾಹನ, ಅದರಲ್ಲಿ ನಿಮ್ಮ ಔಷಧಿ ಬಲ್ಲ ಒಬ್ಬರು ಇರಲಿ.

ನನ್ನ ಆಯ್ಕೆ ಕೇಳಿದರೆ ಎರಡು ದಿನ, ಬೀದರ್‌ನಿಂದ ಕಲಬುರಗಿಗೆ. ಒಂದೇ ದಿನದ ಆಸೆ ಬಿಡಲಾಗದಿದ್ದರೆ ನಿರ್ಧಾರವನ್ನು ಡಿಸೆಂಬರ್ ಮೂರನೆಯ ಭಾನುವಾರಕ್ಕೆ ಬಿಡಿ. ಆ ದಿನ 70 ಕಿಲೋಮೀಟರ್ ತುಳಿದು, ದಾರಿಯಲ್ಲಿ ಸಕ್ಕರೆ 70ರ ಕೆಳಗೆ ಇಳಿಯದೆ, ಮರುದಿನ ಬೆಳಿಗ್ಗೆ ಮೆಟ್ಟಿಲು ನೋವಿಲ್ಲದೆ ಇಳಿದರೆ ಒಂದು ದಿನದ ಯೋಜನೆಗೆ ನಾನೂ ಒಪ್ಪುತ್ತೇನೆ. ಇಲ್ಲವಾದರೆ ಎರಡು ದಿನ. ದಾನಿಗಳಿಗೆ ಈಗಲೇ ತಿಳಿಸಿಬಿಡಿ. ಅವರು ಮಾತು ಕೊಟ್ಟಿರುವುದು ಕಿಲೋಮೀಟರಿನ ಲೆಕ್ಕಕ್ಕೆ, ದಿನದ ಲೆಕ್ಕಕ್ಕಲ್ಲ; ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿರುವವರಿಗೆ ಆ ಹಣ ಒಂದು ದಿನದ ಸವಾರಿಯಿಂದ ಬಂತೋ ಎರಡು ದಿನದ್ದರಿಂದ ಬಂತೋ ಎಂಬುದರಿಂದ ಏನೂ ವ್ಯತ್ಯಾಸವಾಗದು. ಪರೀಕ್ಷೆಯ ವರದಿಗಳು ಬಂದ ಮೇಲೆ, ಕ್ರಿಯಾಟಿನಿನ್ ಮತ್ತು ಅಲ್ಬುಮಿನ್ ಅಂಕಿಗಳನ್ನು ಬರೆದು, ಇನ್ನೊಂದು ಪತ್ರ ಹಾಕಿ.